ಓದುಗರ ಪ್ರಶ್ನೆಗೆ ಉತ್ತರ: ವಾಲ್ವ್ ಆಂಪ್ಲಿಫೈಯರ್‌ನ ದನಿ ನಿಜಕ್ಕೂ ಬೇರೆಯೇ?

ದನಿಯ ವಿದ್ಯುತ್ ಸಂಕೇತವನ್ನು ಗಾಜಿನ ಕೊಳವೆಗಳಿಂದ ಹಿಗ್ಗಿಸುವ ಹಳೆಯ ವಾಲ್ವ್ ರೇಡಿಯೊಗಳ ರಿಪೇರಿಯನ್ನು ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ರಿಪೇರಿಗಿಂತ ದನಿಯ ಬಗ್ಗೆಯೇ ಕೇಳಿದ್ದವು. ಬಿಡಿಬಿಡಿಯಾಗಿ ಉತ್ತರಿಸಿದರೆ ಒಂದಕ್ಕೊಂದು ಕೊಂಡಿ ತಪ್ಪುವುದರಿಂದ, ಈ ಸಲದ ಪುಟಗಳನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಮನೆಯಲ್ಲಿ ವಾಲ್ವ್ ರೇಡಿಯೊ ಇತ್ತು. ಅದರಲ್ಲಿ ಕೇಳಿದ ಕಚೇರಿಗಳ ಇಂಪು ಈಗ ಮಗ ತಂದಿಟ್ಟಿರುವ ದುಬಾರಿ ಸಿಸ್ಟಮ್‌ನಲ್ಲಿ ಸಿಗುತ್ತಿಲ್ಲ. ಇದು ವಾಲ್ವ್‌ನ ಗುಣವೋ, ಹಳೆಯದರ ಮೇಲಿನ ನನ್ನ ಮೋಹವೋ? (ನಿವೃತ್ತ ಶಿಕ್ಷಕರು, ಮೈಸೂರು)

ನಿಮ್ಮ ಕಿವಿಯನ್ನು ನೀವು ನಂಬಬಹುದು. ಆ ರೇಡಿಯೊದ ದನಿ ಬೇರೆಯೇ ಆಗಿತ್ತು. ಆದರೆ ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ವಾಲ್ವ್ ಒಂದು ಮಾತ್ರ. ಅಂದಿನ ಮೇಜಿನ ರೇಡಿಯೊಗಳ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಇಎಲ್84ರಂಥ ಒಂದೇ ಒಂದು ಪವರ್ ವಾಲ್ವ್ ಇದ್ದು, ಅದು ನಾಲ್ಕೈದು ವ್ಯಾಟ್ ಶಕ್ತಿ ಕೊಡುತ್ತಿತ್ತು. ಅದಕ್ಕೆ ಜೋಡಿಸಿದ್ದು ಕಾಗದದ ಕೋನ್ ಇರುವ ಒಂದು ಅಗಲವಾದ ಸ್ಪೀಕರ್, ಅದರ ಸುತ್ತ ಹಿಂಬದಿ ತೆರೆದ ಮರದ ಪೆಟ್ಟಿಗೆ. ಮೀಡಿಯಂ ವೇವ್‌ನಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ದನಿ ಬಹುಮಟ್ಟಿಗೆ ಸೋಸಿಹೋಗುತ್ತಿದ್ದುದರಿಂದ, ಚುಚ್ಚುವ ಸಕಾರಗಳಾಗಲಿ ತಾಳದ ಕರ್ಕಶವಾಗಲಿ ಕಿವಿಗೆ ಬೀಳದೆ, ಗಾಯಕರ ಕಂಠ ನೆಲೆಸಿರುವ ನಡುವಿನ ಪಟ್ಟಿಯಷ್ಟೇ ತುಂಬಿಕೊಂಡು ಕೇಳಿಸುತ್ತಿತ್ತು.

ಇದಕ್ಕೆ ಎದುರಾಗಿ ನಿಂತದ್ದು ಯಾವುದು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರ್‌ನಲ್ಲಿ ಹುಟ್ಟಿದ, ವಾಲ್ವ್‌ನ ಕೆಲಸವನ್ನೇ ಪುಟ್ಟ ಅರೆವಾಹಕದ ತುಂಡಿನಲ್ಲಿ ಮಾಡುವ ಟ್ರಾನ್ಸಿಸ್ಟರ್ ನಮ್ಮ ಮನೆಗಳಿಗೆ ಬಂದದ್ದು ಚರ್ಮದ ಚೀಲದಲ್ಲಿ ತೂಗಾಡುವ ಪುಟ್ಟ ರೇಡಿಯೊದ ರೂಪದಲ್ಲಿ. ನಮ್ಮ ಕಡೆ ಆ ರೇಡಿಯೊಗೇ ಟ್ರಾನ್ಸಿಸ್ಟರ್ ಎಂಬ ಹೆಸರು ಅಂಟಿಕೊಂಡಿತು. ಅಂಗೈಯಗಲದ ಸ್ಪೀಕರನ್ನು ಮರದ ಪೆಟ್ಟಿಗೆಯ ದೊಡ್ಡ ಸ್ಪೀಕರಿನೊಂದಿಗೆ ಹೋಲಿಸಿದಾಗ ಬಂದ ತೀರ್ಪು ಟ್ರಾನ್ಸಿಸ್ಟರಿನ ತಲೆಗೆ ಬಿತ್ತು.

ಆದರೂ ಆರಂಭದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ನಿಜವಾದ ಒಂದು ದೋಷವಿತ್ತು. ಮರ ಕೊಯ್ಯುವ ಇಬ್ಬರು ಒಂದೇ ಗರಗಸವನ್ನು ಸರದಿಯ ಮೇಲೆ ಎಳೆಯುವಂತೆ, ಕೊನೆಯ ಹಂತದ ಎರಡು ಟ್ರಾನ್ಸಿಸ್ಟರ್‌ಗಳು ದನಿಯ ಅಲೆಯ ಮೇಲರ್ಧವನ್ನೂ ಕೆಳಗಿನರ್ಧವನ್ನೂ ಹಂಚಿಕೊಂಡು ಎಳೆಯುತ್ತವೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಎಳೆತ ದಾಟುವ ಕ್ಷಣದಲ್ಲಿ ಗರಗಸ ತುಸು ತಡವರಿಸಿದರೆ ಕೊಯ್ತದಲ್ಲಿ ಗೀರು ಬೀಳುತ್ತದಲ್ಲವೇ? ಹಾಗೆಯೇ ಸಿಲಿಕಾನ್ ಟ್ರಾನ್ಸಿಸ್ಟರ್ ಸುಮಾರು 0.6 ವೋಲ್ಟ್ ಸಿಗುವವರೆಗೆ ಎಚ್ಚರವಾಗದ ಕಾರಣ, ಸರಿಯಾದ ಬಯಾಸ್ (ಅದನ್ನು ಸದಾ ಎಚ್ಚರವಾಗಿಡುವ ಪುಟ್ಟ ವೋಲ್ಟೇಜ್) ಕೊಡದಿದ್ದರೆ ಪ್ರತಿ ಅಲೆಯ ನಡುವಿನಲ್ಲೂ ಒಂದು ಮುರುಕು ಉಳಿಯುತ್ತದೆ. ಇದನ್ನು ಕ್ರಾಸ್‌ಓವರ್ ಡಿಸ್ಟಾರ್ಷನ್ ಎನ್ನುತ್ತಾರೆ. ದನಿ ಮೆಲ್ಲಗಾದಷ್ಟೂ ಈ ಮುರುಕಿನ ಪಾಲು ದೊಡ್ಡದಾಗುತ್ತದೆ. ಆಲಾಪನೆಯ ಕೊನೆಯಲ್ಲಿ ತೆಳ್ಳಗಾಗಿ ನಿಲ್ಲುವ ಕಂಠಕ್ಕೆ ಮರಳು ಸೇರಿದಂತೆ ಕೇಳುತ್ತದೆ. ಮುಂದೆ ಬಯಾಸ್ ಸರ್ಕಿಟ್‌ಗಳು ಸುಧಾರಿಸಿ, ಒಳ್ಳೆಯ ಆಂಪ್ಲಿಫೈಯರ್‌ಗಳಲ್ಲಿ ಈ ದೋಷ ಕಿವಿಗೆ ಸಿಗದಷ್ಟು ಕೆಳಗಿಳಿಯಿತು. ಕೆಟ್ಟ ಹೆಸರು ಮಾತ್ರ ಉಳಿಯಿತು.

ಪ್ರಶ್ನೆ: ವಾಲ್ವ್ ಸಮ ಸಂಖ್ಯೆಯ ಹಾರ್ಮೋನಿಕ್‌ಗಳನ್ನು ಕೊಡುತ್ತದೆ, ಅವು ಇಂಪು, ಟ್ರಾನ್ಸಿಸ್ಟರ್ ಬೆಸ ಸಂಖ್ಯೆಯವನ್ನು ಕೊಡುತ್ತದೆ, ಅವು ಕರ್ಕಶ ಎಂದು ಎಲ್ಲೆಡೆ ಓದುತ್ತೇನೆ. ಇದು ಸರಿಯೇ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಇದು ಅರ್ಧ ಸತ್ಯ. ಹಾಗಾಗಿಯೇ ಇಷ್ಟು ಕಾಲ ಬಾಳಿದೆ. ಒಂದು ಸ್ವರದ ಎರಡು, ಮೂರು, ನಾಲ್ಕರಷ್ಟು ಕಂಪನವಿರುವ ಸ್ವರಗಳೇ ಅದರ ಹಾರ್ಮೋನಿಕ್‌ಗಳು; ಆಂಪ್ಲಿಫೈಯರ್ ಅಲೆಯನ್ನು ತುಸು ವಿರೂಪಗೊಳಿಸಿದಾಗ ಅವು ದನಿಗೆ ಸೇರಿಕೊಳ್ಳುತ್ತವೆ. ಮೊದಲು ಸಮ, ಬೆಸ ಎಂಬುದನ್ನು ತಂಬೂರಿಯ ಪಕ್ಕದಲ್ಲಿ ಕುಳಿತು ನೋಡೋಣ. ನಿಮ್ಮ ಷಡ್ಜ 240 ಹರ್ಟ್ಸ್ ಎಂದುಕೊಳ್ಳಿ. ಅದರ ಎರಡನೆಯ ಹಾರ್ಮೋನಿಕ್ 480, ಅಂದರೆ ತಾರ ಷಡ್ಜ. ಮೂರನೆಯದು 720, ಅದು ತಾರಸ್ಥಾಯಿಯ ಪಂಚಮ. ನಾಲ್ಕನೆಯದು ಮತ್ತೆ ಷಡ್ಜ. ಐದನೆಯದು 1,200, ಅದು ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿ, ಕುದುರೆಯ ಮೇಲೆ ದಾರದ ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದೆ. ಸಂಗೀತಗಾರರು ಸ್ವಯಂಭೂ ಸ್ವರವೆನ್ನುವುದು ಇದನ್ನೇ. ಮೂರು ಮತ್ತು ಐದು ಬೆಸ ಸಂಖ್ಯೆಗಳೇ ಆದರೂ ಪಂಚಮವನ್ನು ಯಾರಾದರೂ ಕರ್ಕಶ ಎಂದಾರೆಯೇ?

ಮುಂದೆ ಹೋಗಿ. ಏಳನೆಯದು 1,680, ಇದು ಕೈಶಿಕಿ ನಿಷಾದಕ್ಕಿಂತ ಇಳಿದು ಯಾವ ಸ್ವರಸ್ಥಾನಕ್ಕೂ ನೇರವಾಗಿ ಕೂರುವುದಿಲ್ಲ. ಹನ್ನೊಂದನೆಯದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ತೂಗಾಡುತ್ತದೆ. ಹದಿಮೂರನೆಯದು ಎರಡು ಧೈವತಗಳ ನಡುವೆ ಬೀಳುತ್ತದೆ. ಏಳರ ಇಮ್ಮಡಿಯಾದ ಹದಿನಾಲ್ಕನೆಯದು ಸಮ ಸಂಖ್ಯೆಯದಾದರೂ ಏಳರಷ್ಟೇ ಅಪಸ್ವರ. ಆದ್ದರಿಂದ ಕಿವಿಗೆ ಮುಖ್ಯವಾಗುವುದು ಸಮ ಬೆಸಗಳಿಗಿಂತ ಹೆಚ್ಚಾಗಿ, ಆ ಹಾರ್ಮೋನಿಕ್ ಎಷ್ಟು ಎತ್ತರದ್ದು ಎಂಬುದು. ಕೆಳಗಿನವು ಮೂಲ ಸ್ವರದೊಳಗೆ ಕರಗಿ ಅದನ್ನು ದಪ್ಪಗೊಳಿಸುತ್ತವೆ. ಮೇಲಿನವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹೊರಗೆ ಚಾಚಿಕೊಂಡು ಕಾಣುತ್ತವೆ. ಮೇಲೆ ಹೇಳಿದ ಕ್ರಾಸ್‌ಓವರ್ ಮುರುಕು ಹುಟ್ಟಿಸುವುದು ಇಂಥ ಎತ್ತರದ ಹಾರ್ಮೋನಿಕ್‌ಗಳನ್ನೇ.

ಇನ್ನು ವಾಲ್ವ್ ಎಂದರೆ ಎರಡನೆಯ ಹಾರ್ಮೋನಿಕ್ ಎಂಬ ಮಾತು ಸರ್ಕಿಟ್‌ನ ಮೇಲೆ ನಿಂತಿದೆ. 300ಬಿ ಯಂಥ ಟ್ರಯೋಡ್ (ಮೂರು ವಿದ್ಯುದ್ವಾರಗಳ) ವಾಲ್ವ್ ಒಂಟಿಯಾಗಿ ಕೆಲಸ ಮಾಡುವ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್‌ನಲ್ಲಿ ಅದು ನಿಜ. ಪೂರ್ಣ ಶಕ್ತಿಯ ಹತ್ತಿರ ಬಂದಾಗ ಎರಡನೆಯ ಹಾರ್ಮೋನಿಕ್ ನೂರಕ್ಕೆ ಕೆಲವು ಪಾಲಿನವರೆಗೂ ಏರುತ್ತದೆ. ಆದರೆ ಎರಡು ವಾಲ್ವ್‌ಗಳು ಜೋಡಿಯಾಗಿ ದುಡಿಯುವ ಪುಷ್‌ಪುಲ್ ಸರ್ಕಿಟ್‌ನಲ್ಲಿ ಕೊನೆಯ ಹಂತದ ಸಮ ಹಾರ್ಮೋನಿಕ್‌ಗಳು ಪರಸ್ಪರ ರದ್ದಾಗಿ ಮೂರನೆಯದೇ ಮುಂದೆ ಬರುತ್ತದೆ, ಮತ್ತು ಹೆಸರುವಾಸಿಯಾದ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಪುಷ್‌ಪುಲ್ ಮಾದರಿಯವೇ. ಹಾಗೆಯೇ ಒಂಟಿ ಮಾಸ್‌ಫೆಟ್ ಇಟ್ಟು ಕಟ್ಟಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಎರಡನೆಯ ಹಾರ್ಮೋನಿಕನ್ನು ಧಾರಾಳವಾಗಿ ಕೊಡುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಂಬೂರಿಯ ಉದಾಹರಣೆ ಒಂದೇ ಸ್ವರ ಇದ್ದಾಗ ಮಾತ್ರ ಅಂದವಾಗಿದೆ. ಹತ್ತು ವಾದ್ಯಗಳು ಒಟ್ಟಿಗೆ ನುಡಿದಾಗ ಇದೇ ದೋಷವು ಆ ಸ್ವರಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಸ್ವರಗಳಾಗಿ ಹುಟ್ಟಿಸುತ್ತದೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಸಂಗೀತದೊಂದಿಗೆ ಸಂಬಂಧವಿರುವುದಿಲ್ಲ. ಒಂಟಿ ಕಂಠ ಮತ್ತು ಪಿಟೀಲಿಗೆ ಸೊಗಸಾಗಿ ಒಪ್ಪುವ ಸಣ್ಣ ಟ್ರಯೋಡ್ ಆಂಪ್ಲಿಫೈಯರ್, ದೊಡ್ಡ ವಾದ್ಯವೃಂದದ ಮುಂದೆ ಮಬ್ಬಾಗುವುದು ಇದರಿಂದಲೇ.

ಪ್ರಶ್ನೆ: 15 ವ್ಯಾಟ್‌ನ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಕೊಂಡೆ. ನನ್ನ ಸ್ಪೀಕರ್‌ಗಳಲ್ಲಿ ಹಾಡು ಮುಂದೆ ಬಂದು ನಿಂತಂತೆ ಕೇಳುತ್ತದೆ. ಅದನ್ನೇ ಗೆಳೆಯರ ಮನೆಗೆ ಒಯ್ದರೆ ಮೃದಂಗದ ಎಡಗೈ ನಾದ ಗುಮ್ಮೆಂದು ಎಳೆದುಕೊಂಡು ಹೋಯಿತು. ಆಂಪ್ಲಿಫೈಯರ್ ಒಂದೇ ಆದರೂ ಹೀಗೇಕೆ? (ಓದುಗರು, ಶಿವಮೊಗ್ಗ)

ಬಂದ ಪತ್ರಗಳಲ್ಲಿ ನಾನು ಹೆಚ್ಚು ಮೆಚ್ಚಿದ್ದು ನಿಮ್ಮದನ್ನು, ಏಕೆಂದರೆ ನೀವು ಬಹುಪಾಲು ಜನ ನೋಡದಿರುವ ಜಾಗವನ್ನೇ ಮುಟ್ಟಿದ್ದೀರಿ. ನಾನು ಕಂಡಂತೆ ವಾಲ್ವ್ ಮತ್ತು ಟ್ರಾನ್ಸಿಸ್ಟರ್‌ಗಳ ನಡುವೆ ಮನೆಯಲ್ಲಿ ಕೇಳಿಸುವ ವ್ಯತ್ಯಾಸದ ದೊಡ್ಡ ಪಾಲು ಹಾರ್ಮೋನಿಕ್‌ಗಳಿಂದ ಬರುವುದಿಲ್ಲ. ಅದು ಬರುವುದು ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್‌ನಿಂದ.

ಇಂಪೀಡೆನ್ಸ್ ಎಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ, ಅದರ ಅಳತೆ ಓಮ್. ವಾಲ್ವ್ ಸಾವಿರಾರು ಓಮ್‌ಗಳ ಲೋಕದಲ್ಲಿ ಕೆಲಸ ಮಾಡುವಂಥದ್ದು. ಅದನ್ನು 8 ಓಮ್ ಸ್ಪೀಕರಿಗೆ ಹೊಂದಿಸಲು ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು. ಇಷ್ಟಾದ ಮೇಲೂ ಎಷ್ಟೋ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಟರ್ಮಿನಲ್‌ಗಳ ಹಿಂದೆ ಒಂದರಿಂದ ಮೂರು ಓಮ್ ಉಳಿದುಬಿಡುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅದು ಒಂದು ಓಮ್‌ನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸ್ಪೀಕರ್‌ನ ಹಿಂದೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಆಗಿರುವುದಿಲ್ಲ. ಒಂದು ಕಡೆ 5ಕ್ಕೆ ಇಳಿದು, ತಗ್ಗಿನ ಸ್ವರಗಳಲ್ಲಿ ಕೋನ್ ತಾನಾಗಿ ತೂಗುವ ಜಾಗದಲ್ಲಿ 30ಕ್ಕೆ ಏರುವುದು ತೀರ ಸಾಮಾನ್ಯ.

ಈಗ ಲೆಕ್ಕ ಹಾಕಿ. ಆಂಪ್ಲಿಫೈಯರ್‌ನೊಳಗೆ 2 ಓಮ್ ಇದ್ದರೆ, ಸ್ಪೀಕರ್ 5 ಓಮ್ ಆಗಿರುವ ಕಡೆ ಏಳರಲ್ಲಿ ಐದು ಪಾಲು ವೋಲ್ಟೇಜ್ ಮಾತ್ರ ಅದಕ್ಕೆ ಸಿಗುತ್ತದೆ. 30 ಓಮ್ ಆಗಿರುವ ಕಡೆ ಮೂವತ್ತೆರಡರಲ್ಲಿ ಮೂವತ್ತು ಪಾಲು ಸಿಗುತ್ತದೆ. ಈ ಎರಡರ ನಡುವಿನ ಅಂತರ, ದನಿಮಟ್ಟದ ಅಳತೆಯಲ್ಲಿ, ಸುಮಾರು 2.4 ಡೆಸಿಬೆಲ್. ಅದೇ ಸ್ಪೀಕರನ್ನು 0.05 ಓಮ್‌ನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಅಂತರ 0.1 ಡೆಸಿಬೆಲ್ ಕೂಡ ಆಗುವುದಿಲ್ಲ. ಟೋನ್ ಕಂಟ್ರೋಲ್‌ನಲ್ಲಿ 2.4 ಡೆಸಿಬೆಲ್ ತಿರುಗಿಸಿದರೆ ಯಾರಿಗೂ ಕೇಳುತ್ತದೆ. ವಾಲ್ವ್ ಆಂಪ್ಲಿಫೈಯರ್ ಆ ತಿರುಗಣೆಯನ್ನು ನಿಮ್ಮ ಸ್ಪೀಕರ್‌ನ ಕೈಗೇ ಕೊಟ್ಟುಬಿಟ್ಟಿದೆ. ಕಂಠ ನೆಲೆಸಿರುವ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್‌ನ ಇಂಪೀಡೆನ್ಸ್ ಏರಿರಬೇಕು, ಹಾಗಾಗಿ ಹಾಡು ಮುಂದೆ ಬಂದಿದೆ. ಗೆಳೆಯರ ಸ್ಪೀಕರ್‌ನಲ್ಲಿ ಅದು ತಗ್ಗಿನಲ್ಲಿ ಏರಿರಬೇಕು. ಜೊತೆಗೆ ಆಂಪ್ಲಿಫೈಯರ್‌ನ ಹಿಡಿತ ಸಡಿಲವಾದ್ದರಿಂದ ಪೆಟ್ಟು ಮುಗಿದ ಮೇಲೂ ಕೋನ್ ತೂಗುತ್ತಲೇ ಇದೆ.

ಇದನ್ನು ನಂಬಲು ನನ್ನ ಮಾತು ಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲೋ 10 ವ್ಯಾಟ್‌ನ, 2.2 ಓಮ್‌ನ ವೈರ್‌ವೌಂಡ್ ರೆಸಿಸ್ಟರ್ ಎರಡು ತನ್ನಿ. ಅವುಗಳನ್ನು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗಳಿಗೆ ಹೋಗುವ ತಂತಿಗಳಲ್ಲಿ ಸರಣಿಯಾಗಿ, ಪ್ರತಿ ಸ್ಪೀಕರಿಗೆ ಒಂದರಂತೆ ಸೇರಿಸಿ, ವಾಲ್ಯೂಮನ್ನು ತುಸು ಏರಿಸಿ ಮನೆಮಟ್ಟದ ದನಿಯಲ್ಲಿ ಕೇಳಿ. ನಾನು ಇದನ್ನು ಮೊದಲ ಸಲ ಮಾಡಿದ ಸಂಜೆ, ಕೋಣೆಗೆ ಬಂದ ಗೆಳೆಯರು ವಾಲ್ವ್ ಸೆಟ್ ಹಚ್ಚಿದ್ದೀರಾ ಎಂದು ಕೇಳಿದರು. ವಾಲ್ವ್ ಸೆಟ್ ಮೇಜಿನ ಮೇಲೆ ತಣ್ಣಗೆ ಕುಳಿತಿತ್ತು. ಇಪ್ಪತ್ತು ರೂಪಾಯಿಯ ಆ ಬಿಳಿ ತುಂಡು ಕಲಿಸಿದ್ದನ್ನು ನಾನು ಎಷ್ಟೋ ವರ್ಷ ಓದಿಯೂ ಕಲಿತಿರಲಿಲ್ಲ.

ಹಾಗೆಂದು ವಾಲ್ವ್‌ಗೆ ಈ ಸಡಿಲತೆ ಹುಟ್ಟುಗುಣವೆಂದೂ ತಿಳಿಯಬೇಡಿ. ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ತಂದು ಇನ್‌ಪುಟ್‌ನೊಂದಿಗೆ ಹೋಲಿಸಿ ತಪ್ಪನ್ನು ತಿದ್ದುವ ನೆಗೆಟಿವ್ ಫೀಡ್‌ಬ್ಯಾಕ್ ವಿಧಾನವನ್ನು ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರಲ್ಲೇ ಕಂಡುಕೊಂಡಿದ್ದರು. ಆ ವಿಧಾನದಿಂದ 20 ಡೆಸಿಬೆಲ್ ಫೀಡ್‌ಬ್ಯಾಕ್ ಕೊಟ್ಟು ಬ್ರಿಟನ್ನಿನ ಎಂಜಿನಿಯರ್ ವಿಲಿಯಮ್ಸನ್ 1947ರಲ್ಲಿ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರ್, 15 ವ್ಯಾಟ್‌ನಲ್ಲಿ ಡಿಸ್ಟಾರ್ಷನನ್ನು ನೂರಕ್ಕೆ 0.1ಕ್ಕೆ ಇಳಿಸಿತು. ಟ್ರಾನ್ಸ್‌ಫಾರ್ಮರ್ ತಂದೊಡ್ಡುವ ತಡದಿಂದಾಗಿ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಅದಕ್ಕಿಂತ ತುಂಬ ಹೆಚ್ಚು ಫೀಡ್‌ಬ್ಯಾಕ್ ಕೊಡುವುದು ಕಷ್ಟ. ಟ್ರಾನ್ಸ್‌ಫಾರ್ಮರ್ ಬೇಡದ ಟ್ರಾನ್ಸಿಸ್ಟರ್‌ಗೆ ಅದು ಸುಲಭ. ಗಾಜಿಗೂ ಸಿಲಿಕಾನ್‌ಗೂ ಇರುವ ಅಂತರವೆಂದು ನಾವು ಕೇಳುವುದರಲ್ಲಿ ಹೆಚ್ಚಿನದು ಈ ಟ್ರಾನ್ಸ್‌ಫಾರ್ಮರ್ ಮತ್ತು ಫೀಡ್‌ಬ್ಯಾಕ್‌ಗಳ ಅಂತರ. ಆದ್ದರಿಂದ ಆಂಪ್ಲಿಫೈಯರನ್ನು ಸ್ಪೀಕರ್‌ನೊಂದಿಗೆ ಜೋಡಿಯಾಗಿಯೇ ಕೇಳಿ ಕೊಳ್ಳಬೇಕು.

ಪ್ರಶ್ನೆ: ಗಿಟಾರ್ ನುಡಿಸುವವರು ವಾಲ್ವ್ ಆಂಪ್ಲಿಫೈಯರೇ ಬೇಕೆನ್ನುತ್ತಾರೆ. 15 ವ್ಯಾಟ್‌ನ ವಾಲ್ವ್ 50 ವ್ಯಾಟ್‌ನ ಟ್ರಾನ್ಸಿಸ್ಟರ್‌ಗೆ ಸಮವೆಂದೂ ಹೇಳುತ್ತಾರೆ. ಹೌದೇ? (ಗಿಟಾರ್ ಕಲಿಯುತ್ತಿರುವವರು, ಮಂಗಳೂರು)

ವ್ಯಾಟ್ ಎಲ್ಲಿದ್ದರೂ ವ್ಯಾಟೇ. 15ಕ್ಕೂ 50ಕ್ಕೂ ಇರುವ ಅಂತರ ಸುಮಾರು 5 ಡೆಸಿಬೆಲ್. ಆದರೆ ಮಿತಿ ಮೀರಿದಾಗ ಎರಡರ ನಡತೆ ಬೇರೆ. ಕಡಿಮೆ ಫೀಡ್‌ಬ್ಯಾಕ್ ಇರುವ ವಾಲ್ವ್ ಆಂಪ್ಲಿಫೈಯರ್ ಅಲೆಯ ತುದಿಯನ್ನು ಮೆಲ್ಲಗೆ ಅದುಮಿ ದುಂಡಗೆ ಮಾಡುತ್ತದೆ; ಹೆಚ್ಚು ಫೀಡ್‌ಬ್ಯಾಕ್ ಇರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊನೆಯವರೆಗೂ ಶುದ್ಧವಾಗಿದ್ದು, ಆಮೇಲೆ ಕತ್ತಿಯಿಂದ ಕಡಿದಂತೆ ತುದಿಯನ್ನು ಕತ್ತರಿಸುತ್ತದೆ. ಹಾಗಾಗಿ ವಾಲ್ವನ್ನು ಅದರ ಮಿತಿಯಾಚೆಗೂ ಸ್ವಲ್ಪ ದೂರ ಎಳೆದೊಯ್ಯಬಹುದು, ಇನ್ನೊಂದನ್ನು ಆಗದು. ಆ ಮಾತು ಹುಟ್ಟಿದ್ದು ಹೀಗೆ. ರಸೆಲ್ ಹ್ಯಾಮ್ 1973ರಲ್ಲಿ ಮೈಕ್ರೊಫೋನಿನ ಸಣ್ಣ ಸಂಕೇತವನ್ನು ಮೊದಲ ಹಂತದಲ್ಲೇ ಹಿಗ್ಗಿಸುವ ಪ್ರಿಆಂಪ್ಲಿಫೈಯರ್‌ಗಳನ್ನು ಪರೀಕ್ಷಿಸಿ ಬರೆದ ಪ್ರಸಿದ್ಧ ಪ್ರಬಂಧವೂ ವ್ಯತ್ಯಾಸವನ್ನು ಕಂಡದ್ದು ಇಂಥ ಓವರ್‌ಲೋಡ್ ಸ್ಥಿತಿಯಲ್ಲೇ.

ಗಿಟಾರ್‌ನವರ ಮಾತೇ ಬೇರೆ. ಅವರಿಗೆ ಆಂಪ್ಲಿಫೈಯರ್ ವಾದ್ಯದ ಅರ್ಧ ಅಂಗ. ಅದನ್ನು ಬೇಕೆಂದೇ ಮಿತಿ ಮೀರಿಸಿ, ಅದರ ವಿರೂಪವನ್ನೇ ನಾದವಾಗಿ ಬಳಸುತ್ತಾರೆ. ಅಲ್ಲಿ ವಾಲ್ವ್ ಬೇಕೆನ್ನುವುದು ವೀಣೆಗೆ ಹಲಸಿನ ಮರವೇ ಬೇಕೆಂದಂತೆ. ಆದರೆ ಧ್ವನಿಮುದ್ರಣವನ್ನು ಇದ್ದಂತೆಯೇ ಕೇಳಬೇಕೆನ್ನುವವರಿಗೆ ಆ ವಾದ ಸಲ್ಲದು.

ಪ್ರಶ್ನೆ: ಕಣ್ಣು ಕಟ್ಟಿ ಕೇಳಿಸಿದರೆ ಯಾರಾದರೂ ವ್ಯತ್ಯಾಸ ಗುರುತಿಸಿದ್ದಾರೆಯೇ? (ಓದುಗರು, ಧಾರವಾಡ)

ಇಂಗ್ಲೆಂಡಿನ ಕ್ವಾಡ್ ಕಂಪನಿಯವರಿಗೆ ಈ ಪ್ರಶ್ನೆ ಕಾಡಿತ್ತು, ಏಕೆಂದರೆ 1953ರ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರನ್ನೂ 1967ರ ಟ್ರಾನ್ಸಿಸ್ಟರ್ ಮಾದರಿ 303ನ್ನೂ ಮಾಡಿದವರು ಅವರೇ. ಈ ಎರಡರ ಜೊತೆಗೆ 405 ಎಂಬ ಮೂರನೆಯದನ್ನೂ ಇಟ್ಟು, ಕೇಳುವವರಿಗೆ ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಜೇಮ್ಸ್ ಮಾಯಿರ್ ನಡೆಸಿದ ಪರೀಕ್ಷೆಯ ವರದಿ 1978ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು. ಅನುಭವಿ ಕೇಳುಗರ ಆಯ್ಕೆಗಳು ಆಕಸ್ಮಿಕಕ್ಕಿಂತ ಮೇಲೇರಲಿಲ್ಲ. ಮೂರೂ ಒಳ್ಳೆಯ ಆಂಪ್ಲಿಫೈಯರ್‌ಗಳು, ಮೂರನ್ನೂ ಮಿತಿಯೊಳಗೆ ಬಳಸಲಾಗಿತ್ತು ಎಂಬುದನ್ನು ಮರೆಯಬಾರದು.

ಅಮೆರಿಕದಲ್ಲಿ 1985ರಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯದ್ದು. ಸ್ಟೀರಿಯೊಫೈಲ್ ಪತ್ರಿಕೆಯವರು ಆರಿಸಿದ ದುಬಾರಿ ವಾಲ್ವ್ ಆಂಪ್ಲಿಫೈಯರ್‌ನ ದನಿಯನ್ನು ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಿಂದ ಹೊರಡಿಸುತ್ತೇನೆಂದು ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಪಂಥ ಕಟ್ಟಿದರು. ಎರಡರ ಔಟ್‌ಪುಟ್‌ಗಳನ್ನು ಒಂದರಿಂದೊಂದು ಕಳೆದು, ಉಳಿಯುವ ಶೇಷವನ್ನು ಅಳೆಯುತ್ತ, ಆ ಶೇಷ ಸುಮಾರು 70 ಡೆಸಿಬೆಲ್ ಕೆಳಗಿಳಿಯುವವರೆಗೂ ತಮ್ಮ ಸರ್ಕಿಟನ್ನು ತಿದ್ದಿದರು. 48 ಗಂಟೆಗಳ ಕೊನೆಯಲ್ಲಿ ಸಂಪಾದಕರಿಗೆ ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಇದರಿಂದ ವಾಲ್ವ್‌ನ ದನಿ ಸುಳ್ಳೆಂದಾಗುವುದಿಲ್ಲ. ತಿದ್ದುವ ಮೊದಲು ಎರಡೂ ಬೇರೆಯಾಗಿಯೇ ಕೇಳುತ್ತಿದ್ದವು. ಆ ದನಿಯನ್ನು ಅಳೆಯಬಹುದು, ಅಳೆದದ್ದನ್ನು ಬೇರೆ ಬಿಡಿಭಾಗಗಳಿಂದಲೂ ಕಟ್ಟಬಹುದು ಎಂಬುದು ತಿಳಿಯಿತು.

ನೀವೂ ಮನೆಯಲ್ಲಿ ಪರೀಕ್ಷಿಸುವುದಾದರೆ ಎರಡರ ದನಿಮಟ್ಟವನ್ನು ಮೊದಲು ಸಮ ಮಾಡಿ. 1,000 ಹರ್ಟ್ಸ್ ಸ್ವರವನ್ನು ಹಚ್ಚಿ, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಆ ಸ್ವರವನ್ನು ಸರಿಯಾಗಿ ಅಳೆಯಬಲ್ಲ ಮೀಟರ್ ಇಟ್ಟು, ವೋಲ್ಟೇಜ್ ನೂರಕ್ಕೆ ಒಂದರೊಳಗೆ ಹೊಂದುವಂತೆ ನೋಡಿಕೊಳ್ಳಿ. ಕೂದಲೆಳೆಯಷ್ಟು ಜೋರಾಗಿರುವುದನ್ನು ಕಿವಿ ಜೋರು ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುತ್ತದೆ.

ಪ್ರಶ್ನೆ: ಒಂದೆರಡು ಸಾವಿರ ರೂಪಾಯಿಗೆ ಸಿಗುವ, ಎರಡು ಪುಟ್ಟ 6ಜೆ1 ವಾಲ್ವ್‌ಗಳಿರುವ ಪ್ರಿಆಂಪ್ ಕೊಳ್ಳಬಹುದೇ? (ಓದುಗರು, ತುಮಕೂರು)

ಕುತೂಹಲಕ್ಕೆ ಕೊಳ್ಳಿ, ದನಿಗಾಗಿ ಬೇಡ. ಅಂಥ ಎಷ್ಟೋ ಪೆಟ್ಟಿಗೆಗಳಲ್ಲಿ ವಾಲ್ವ್‌ನ ಬುಡದಲ್ಲಿ ಎಲ್‌ಇಡಿ ಇಟ್ಟು ಬೆಳಗಿಸುತ್ತಾರೆ. ನೂರಾರು ವೋಲ್ಟ್ ಬೇಕಾದ ಕಡೆ ಕಡಿಮೆ ವೋಲ್ಟೇಜ್ ಕೊಟ್ಟಿರುವುದರಿಂದ ವಾಲ್ವ್ ಅರೆಹೊಟ್ಟೆಯಲ್ಲೇ ದುಡಿಯುತ್ತದೆ, ಮತ್ತು ನಾವು ಮೇಲೆ ಮಾತಾಡಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಲ್ಲಿ ಇರುವುದೇ ಇಲ್ಲ. ಅದೇ ಹಣವನ್ನು ಸ್ಪೀಕರ್‌ಗೆ ಸೇರಿಸಿ.

ಪ್ರಶ್ನೆ: ನಮ್ಮಜ್ಜ ಯಕ್ಷಗಾನ, ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರ ವಾಲ್ವ್ ಆಂಪ್ಲಿಫೈಯರ್ ಅಟ್ಟದಲ್ಲಿ ಸಿಕ್ಕಿತು. ಬಿಇಎಲ್ ಎಂದು ಅಚ್ಚಾದ ವಾಲ್ವ್‌ಗಳಿವೆ. ಪ್ಲಗ್ ಹಾಕಿ ನೋಡಬಹುದೇ? (ಓದುಗರು, ಸಾಗರ)

ದಯವಿಟ್ಟು ನೇರವಾಗಿ ಪ್ಲಗ್ ಹಾಕಬೇಡಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ, ಅದರ ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರ್‌ನಂಥ ಬಿಡಿಭಾಗಗಳನ್ನೂ ತಯಾರಿಸಲು ಶುರುಮಾಡಿತು. ನಮ್ಮ ಈ ಚರ್ಚೆಯ ಎರಡೂ ಕಡೆಯವರು ಒಂದೇ ಕಾಂಪೌಂಡಿನಲ್ಲಿ ಹುಟ್ಟಿದವರು. ನಿಮ್ಮಲ್ಲಿರುವ ವಾಲ್ವ್‌ಗಳು ಇನ್ನೂ ಜೀವಂತವಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಕೆಟ್ಟಿರುವುದು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು.

ಒಳಗೆ 300 ವೋಲ್ಟ್‌ಗೂ ಮೇಲ್ಪಟ್ಟ ಡಿಸಿ ಇರುತ್ತದೆ, ಮತ್ತು ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಕೈಯಾಡಿಸುವುದಕ್ಕೆ ಮೊದಲು ರೆಸಿಸ್ಟರ್‌ನ ಮೂಲಕ ಅದನ್ನು ಖಾಲಿ ಮಾಡಿ ಮೀಟರ್‌ನಲ್ಲಿ ನೋಡುವುದು ಅಭ್ಯಾಸವಾಗಿರುವವರ ಕೈಗೇ ಈ ಕೆಲಸ ಕೊಡಿ. ಅವರು ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನೂ, ವಾಲ್ವ್‌ನಿಂದ ವಾಲ್ವ್‌ಗೆ ದನಿಯನ್ನು ದಾಟಿಸುವ ಕಾಗದದ ಕೆಪಾಸಿಟರ್‌ಗಳನ್ನೂ ಮೊದಲು ಬದಲಿಸಲಿ, ಏಕೆಂದರೆ ಈ ಎರಡನೆಯವು ಸೋರಿದರೆ ಪವರ್ ವಾಲ್ವ್ ಸುಟ್ಟುಹೋಗುತ್ತದೆ. ಹಳೆಯ ಮೈಕ್‌ಸೆಟ್‌ಗಳಲ್ಲಿ ಹಾರ್ನ್‌ಗಳಿಗಾಗಿ 100 ವೋಲ್ಟ್ ಲೈನ್ ಔಟ್‌ಪುಟ್ ಇರುವುದುಂಟು. ಮನೆಯ ಸ್ಪೀಕರನ್ನು ಅದಕ್ಕೆ ಸೇರಿಸದೆ 8 ಓಮ್ ಎಂದು ಬರೆದ ಜಾಗಕ್ಕೇ ಸೇರಿಸಿ, ಮತ್ತು ಸ್ಪೀಕರ್ ಇಲ್ಲದೆ ಒಂದು ನಿಮಿಷವೂ ಹಚ್ಚಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ. ಮೊದಲ ಸಲ ಸೀರೀಸ್ ಬೋರ್ಡಿನಲ್ಲಿ, 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬಿನ ಮೂಲಕ ಹಚ್ಚಲಿ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಶುಭ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಮೇಲೆ ನೇರ ಕರೆಂಟ್ ಕೊಟ್ಟಾಗ ದೀಪ ಆರಿಸಿ ಪವರ್ ವಾಲ್ವ್‌ಗಳನ್ನೇ ನೋಡುತ್ತ ಕೂರಿ. ನಡುವಿನ ಹೀಟರ್ ಕಿತ್ತಳೆಯಾಗಿ ಹೊಳೆಯುವುದು ಸಹಜ. ಅದರ ಸುತ್ತಲಿನ ಬೂದುಬಣ್ಣದ ಪ್ಲೇಟ್ ಕೆಂಪಗಾಗುತ್ತಿದೆ ಎನಿಸಿದ ಕೂಡಲೇ ಸ್ವಿಚ್ ಆರಿಸಿ.